ಚೀಟಿಯ ಕೊನೆಯ ಸಾಲು: ತೋಟದ ಮನೆಯ ಕಂಪ್ಯೂಟರಿಗೆ ಎಸ್‌ಎಂಪಿಎಸ್ ಆರಿಸಿದ ಒಂದು ಪ್ರಕರಣ

2024ರ ಮಧ್ಯಭಾಗದಲ್ಲಿ ತಿಪಟೂರು ತಾಲ್ಲೂಕಿನ ತೋಟದ ಮನೆಯೊಂದಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ಎಸ್‌ಎಂಪಿಎಸ್, ಅಂದರೆ ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಒಗ್ಗುವಂತೆ ಇಳಿಸಿ ಕೊಡುವ ಪೆಟ್ಟಿಗೆಯ ಆಯ್ಕೆ ಹೇಗೆ ನಡೆಯಿತು, ಎಲ್ಲಿ ಅಂದಾಜು ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕಂಪ್ಯೂಟರು ನನ್ನ ಅಕ್ಕನ ಮಗನದು. ಅವನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ, ಮನೆಯಿಂದಲೇ ಕಾಲೇಜಿಗೆ ಹೋಗಿಬರುತ್ತಾನೆ. ಓದಿಗೆ ಬೇಕಾದ, ಯಂತ್ರಭಾಗಗಳ ವಿನ್ಯಾಸ ಬಿಡಿಸುವ ಕ್ಯಾಡ್ ತಂತ್ರಾಂಶ ತಡವರಿಸದೆ ಓಡಬೇಕು, ರಾತ್ರಿ ಒಂದಷ್ಟು ಹೊತ್ತು ಆಟವೂ ಆಡಬೇಕು ಎಂಬುದು ಅವನ ಬೇಡಿಕೆ. ಮಾನಿಟರು, ಕೀಬೋರ್ಡು ಮೊದಲೇ ಇದ್ದವು. ಉಳಿದ ಎಲ್ಲದಕ್ಕೂ ಸೇರಿ 48,000 ರೂಪಾಯಿ, ಅದರ ಮೇಲೆ ಕೇಳಬಾರದು ಎಂದು ಭಾವ ಮೊದಲೇ ಹೇಳಿಬಿಟ್ಟಿದ್ದರು.

ಹುಡುಗ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ ದರಪಟ್ಟಿಯ ಚೀಟಿಯೊಂದನ್ನು ಬರೆಸಿಕೊಂಡು ಬಂದಿದ್ದ. ಇಂಟೆಲ್ ಕೋರ್ ಐ5-12400ಎಫ್ ಪ್ರೊಸೆಸರ್ 10,500, ಎಚ್610 ಮದರ್‌ಬೋರ್ಡ್ 6,300, ಎಂಟು ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು 3,000, ಐನೂರು ಜಿಬಿ ಎಸ್‌ಎಸ್‌ಡಿ 2,800, ರೇಡಿಯನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ 19,500, ಗಾಜಿನ ಬಾಗಿಲಿನ ಬಣ್ಣದ ದೀಪಗಳ ಕ್ಯಾಬಿನೆಟ್ 3,900. ಎಲ್ಲಕ್ಕಿಂತ ಕೆಳಗೆ, ಜಾಗ ಸಾಲದೆ ಓರೆಯಾಗಿ ಬರೆದ ಒಂದು ಸಾಲು: ‘ಎಸ್‌ಎಂಪಿಎಸ್ 450 ವ್ಯಾಟ್ – 850’. ಒಟ್ಟು 46,850. ಪ್ರೊಸೆಸರನ್ನೂ ಕಾರ್ಡನ್ನೂ ಆರಿಸಲು ಹುಡುಗ ಒಂದು ತಿಂಗಳು ಓದಿಕೊಂಡಿದ್ದ. ಕೊನೆಯ ಸಾಲಿಗೆ ಅವನು ಯೋಚನೆಯನ್ನೇ ಕೊಟ್ಟಿರಲಿಲ್ಲ. ನಾನು ಅದನ್ನು ಬದಲಿಸಬೇಕೆಂದಾಗ ಅವನು ಕೇಳಿದ್ದು ಹೀಗೆ: “ಮಾವ, ಅದರಲ್ಲಿ ಹೋಗೋದು ಬರೀ ಕರೆಂಟು ತಾನೆ? ಅದಕ್ಯಾಕೆ ಮೂರು ಸಾವಿರ ಹಾಕೋದು?”

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಲು ನಾವಿಬ್ಬರೂ ಅದೇ ಅಂಗಡಿಗೆ ಹೋದೆವು.

850 ರೂಪಾಯಿಯ ಪೆಟ್ಟಿಗೆ

ಕೈಗೆತ್ತಿಕೊಂಡಾಗಲೇ ಅದು ಹಗುರವಾಗಿತ್ತು, ಆದರೆ ತೂಕ ನೋಡಿ ತೀರ್ಪು ಕೊಡುವುದು ತರಕಾರಿ ಕೊಳ್ಳುವವರ ಕ್ರಮ. ನೋಡಬೇಕಾದದ್ದು ಪಕ್ಕದಲ್ಲಿ ಅಂಟಿಸಿರುವ ಲೇಬಲ್ಲಿನ ಕೋಷ್ಟಕವನ್ನು. ಎಸ್‌ಎಂಪಿಎಸ್ ಗೋಡೆಯ 230 ವೋಲ್ಟ್ ಎ.ಸಿ.ಯನ್ನು ಮೂರು ಮುಖ್ಯ ಡಿ.ಸಿ. ಮಟ್ಟಗಳಿಗೆ ಇಳಿಸಿ ಕೊಡುತ್ತದೆ: 12, 5 ಮತ್ತು 3.3 ವೋಲ್ಟ್. ಈ ಪೆಟ್ಟಿಗೆಯ ಲೇಬಲ್ಲಿನಲ್ಲಿ 12 ವೋಲ್ಟಿಗೆ 16 ಆಂಪಿಯರ್, 5 ವೋಲ್ಟಿಗೆ 22, 3.3 ವೋಲ್ಟಿಗೆ 20 ಎಂದಿತ್ತು. ಹುಡುಗನ ಕೈಯಲ್ಲೇ ಫೋನಿನ ಕ್ಯಾಲ್ಕುಲೇಟರ್ ಕೊಟ್ಟು ಗುಣಿಸಲು ಹೇಳಿದೆ. 192, 110, 66, ಕೂಡಿದರೆ 368. ಸಣ್ಣಪುಟ್ಟ ಉಳಿದೆರಡು ಸಾಲುಗಳನ್ನು ಸೇರಿಸಿದರೂ 384 ದಾಟಲಿಲ್ಲ. ಮೂರೂ ಮಟ್ಟಗಳು ಒಂದೇ ಕ್ಷಣದಲ್ಲಿ ತಮ್ಮ ಗರಿಷ್ಠವನ್ನು ಕೊಡುತ್ತವೆಂದು ನಂಬಿದರೂ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿದ್ದ 450 ಅದರ ಸ್ವಂತ ಲೇಬಲ್ಲಿನಿಂದಲೇ ಹುಟ್ಟುವುದಿಲ್ಲ. ಆ ಸಂಖ್ಯೆ ಮಾದರಿಯ ಹೆಸರಿನ ಭಾಗವಷ್ಟೇ. ಶಕ್ತಿಯ ಅಳತೆ ಎಂದು ಓದಿಕೊಂಡರೆ ಅದು ನಮ್ಮ ತಪ್ಪು ಎನ್ನುವ ಹಾಗೆ ಬರೆದಿರುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು 12 ವೋಲ್ಟಿನ ಸಾಲು. ಎರಡು ದಶಕಕ್ಕೂ ಹಿಂದಿನ ಯಂತ್ರಗಳು 5 ವೋಲ್ಟಿನ ಮೇಲೆ ಹೆಚ್ಚು ಅವಲಂಬಿಸಿದ್ದವು. ಈಗಿನ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಹೆಚ್ಚುಕಡಿಮೆ ಶಕ್ತಿಯೆಲ್ಲ ಬರುವುದು 12 ವೋಲ್ಟಿನಿಂದ. ಅಲ್ಲಿಂದ ಮುಂದೆ ಮದರ್‌ಬೋರ್ಡೂ ಕಾರ್ಡೂ ತಮಗೆ ಬೇಕಾದಷ್ಟಕ್ಕೆ ತಾವೇ ಇಳಿಸಿಕೊಳ್ಳುತ್ತವೆ. ನಮ್ಮ ಚೀಟಿಯ ಪ್ರೊಸೆಸರಿಗೆ ಇಂಟೆಲ್ ಕೊಟ್ಟಿರುವ ಮೂಲ ಅಂಕಿ 65 ವ್ಯಾಟ್, ವೇಗ ಏರಿಸಿಕೊಂಡಾಗಿನ (ಟರ್ಬೊ) ಗರಿಷ್ಠ 117 ವ್ಯಾಟ್. ಕಾರ್ಡಿನದು 132 ವ್ಯಾಟ್. ಮದರ್‌ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳು, ಯುಎಸ್‌ಬಿಗೆ ಸಿಕ್ಕಿಸಿದ ಸಾಮಾನುಗಳಿಗೆ ಧಾರಾಳವಾಗಿ 50 ಇಟ್ಟರೆ ಒಟ್ಟು ಸುಮಾರು 300 ವ್ಯಾಟ್ ಆಗುತ್ತದೆ, ಅದರಲ್ಲಿ 270ರಷ್ಟು 12 ವೋಲ್ಟಿನ ಪಾಲು, ಅಂದರೆ 22ರಿಂದ 23 ಆಂಪಿಯರ್. ಪೆಟ್ಟಿಗೆ ಕೊಡುತ್ತೇನೆನ್ನುವುದು 16. ಇಲ್ಲಿಗೆ ಲೆಕ್ಕ ಮುಗಿಯಿತು.

ಅಂಗಡಿಯವರು ಮಾತ್ರ ಇದನ್ನು ಒಪ್ಪಲಿಲ್ಲ. “ಹತ್ತು ವರ್ಷದಿಂದ ಇದೇ ಕೊಡ್ತಾ ಇದೀವಿ ಸರ್, ಒಂದೂ ವಾಪಸ್ ಬಂದಿಲ್ಲ” ಎಂದರು. ನಂತರ ದೊಡ್ಡ ಕನೆಕ್ಟರಿನ ಹಸಿರು ತಂತಿಯ ಪಿನ್ನಿಗೂ ಪಕ್ಕದ ಕಪ್ಪು ತಂತಿಯ ಪಿನ್ನಿಗೂ ಬಗ್ಗಿಸಿದ ಒಂದು ತಂತಿತುಂಡನ್ನು ಚುಚ್ಚಿ ಸ್ವಿಚ್ ಹಾಕಿದರು. ಫ್ಯಾನು ಗಿರ್ರನೆ ತಿರುಗಿತು. “ನೋಡಿ, ಓಡ್ತಾ ಇದೆ.” ಓಡುತ್ತಿತ್ತು, ನಿಜ. ಹಸಿರು ತಂತಿಯನ್ನು ಕಪ್ಪು (ಗ್ರೌಂಡ್) ತಂತಿಗೆ ಸೇರಿಸಿದರೆ ಮದರ್‌ಬೋರ್ಡು ‘ಏಳು’ ಎಂದು ಹೇಳಿದಂತಾಗುತ್ತದೆ, ಅದು ಎದ್ದು ತೋರಿಸಿತು. ಆದರೆ ಖಾಲಿ ಎತ್ತಿನ ಗಾಡಿ ಏರಿ ಹತ್ತುವುದನ್ನು ತೋರಿಸಿ, ಇದು ತೆಂಗಿನಕಾಯಿಯ ಲೋಡನ್ನೂ ಎಳೆಯುತ್ತದೆ ಎಂದ ಹಾಗಾಯಿತು ಅದು. ಅಂಗಡಿಯವರು ಸುಳ್ಳು ಹೇಳುತ್ತಿದ್ದರೆಂದು ನನಗೆ ಅನಿಸಲಿಲ್ಲ. ಅವರು ಆ ಪೆಟ್ಟಿಗೆಯನ್ನು ಹಾಕಿ ಕೊಟ್ಟಿದ್ದು ಬಿಲ್ಲಿಂಗಿಗೆ, ಟೈಪಿಂಗಿಗೆ ಬಳಸುವ, ಗ್ರಾಫಿಕ್ಸ್ ಕಾರ್ಡೇ ಇಲ್ಲದ ಯಂತ್ರಗಳಿಗೆ. ಅಂಥವು ಅರವತ್ತು ಎಪ್ಪತ್ತು ವ್ಯಾಟಿಗಿಂತ ಹೆಚ್ಚು ಕೇಳುವುದು ಅಪರೂಪ. ಅವರ ಹತ್ತು ವರ್ಷದ ಅನುಭವ ಬೇರೊಂದು ಹೊರೆಯ ಅನುಭವವಾಗಿತ್ತು.

ಇನ್ನೆರಡು ವಿಷಯಗಳು ಆ ಪೆಟ್ಟಿಗೆಯನ್ನು ಪೂರ್ತಿಯಾಗಿ ಬದಿಗಿಟ್ಟವು. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ಕನೆಕ್ಟರ್ ಅದರಲ್ಲಿ ಇರಲಿಲ್ಲ. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರುಗಳಿಂದ ಎಂಟು ಪಿನ್ನಿಗೆ ಬದಲಿಸುವ ನೂರೈವತ್ತು ರೂಪಾಯಿಯ ಅಡಾಪ್ಟರ್ ಹಾಕೋಣ ಎಂಬ ಸಲಹೆ ಬಂತು. ಎಂಟು ಪಿನ್ನಿನ ಕನೆಕ್ಟರಿನ ಮೂಲಕ 150 ವ್ಯಾಟ್‌ವರೆಗೆ ಎಳೆಯಲು ಕಾರ್ಡಿಗೆ ಅನುಮತಿ ಇದೆ. ಸಿ.ಡಿ. ಡ್ರೈವಿಗೆಂದು ಎಳೆದ ಸಪೂರ ತಂತಿಗಳಿಂದ ಅದನ್ನು ಪಡೆಯಲು ಹೊರಟರೆ ಮೊದಲು ಬೆಚ್ಚಗಾಗುವುದು, ಆಮೇಲೆ ಕರಗುವುದು ಆ ಪ್ಲಾಸ್ಟಿಕ್ ಕೂಡುಭಾಗ. ಎರಡನೆಯದು ಹಿಂಬದಿಯ ಕೆಂಪು ಜಾರುಸ್ವಿಚ್ಚು, 115 ಮತ್ತು 230 ಎಂಬ ಎರಡು ಗುರುತುಗಳದ್ದು. ಇಂಥ ಸ್ವಿಚ್ಚು ಇದೆ ಎಂದರೆ ಒಳಗೆ ಆ್ಯಕ್ಟಿವ್ ಪವರ್ ಫ್ಯಾಕ್ಟರ್ ಕರೆಕ್ಷನ್ (ಲೈನಿನಿಂದ ಕರೆಂಟನ್ನು ಹದವಾಗಿ ಎಳೆಯುವ ಏರ್ಪಾಡು) ಇಲ್ಲ, ವಿನ್ಯಾಸ ಹಳೆಯ ಕಾಲದ್ದು ಎಂದರ್ಥ. ವೋಲ್ಟೇಜು ಇಳಿಯುವ ಊರಿನಲ್ಲಿ ಯಾರಾದರೂ ಒಂದು ದಿನ ‘ಕಡಿಮೆ ಕರೆಂಟಿಗೆ ಈ ಕಡೆ’ ಎಂದುಕೊಂಡು ಅದನ್ನು 115ಕ್ಕೆ ಸರಿಸಿ, ಕರೆಂಟು ಸರಿಹೋದ ಕೂಡಲೇ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಒಳಗಿನ ದೊಡ್ಡ ಕೆಪಾಸಿಟರುಗಳು ಢಂ ಎನ್ನುವುದು ಕಲ್ಪನೆಯ ಮಾತಲ್ಲ.

ಉಳಿದ ಅಭ್ಯರ್ಥಿಗಳು

ಲೆಕ್ಕ ಕೊಟ್ಟ 300 ವ್ಯಾಟಿಗೆ ಎಷ್ಟು ದೊಡ್ಡದು ಸಾಕು ಎಂಬಲ್ಲಿ ಹುಡುಗನಿಗೂ ನನಗೂ ಭಿನ್ನಾಭಿಪ್ರಾಯ ಬಂತು. 850ರ ಪೆಟ್ಟಿಗೆಯ ಕಥೆ ಕೇಳಿ ಹೆದರಿದ್ದ ಅವನು ಈಗ ಇನ್ನೊಂದು ತುದಿಗೆ ಹೋಗಿ, ದಕ್ಷತೆಯಲ್ಲಿ ಗೋಲ್ಡ್ ದರ್ಜೆಯ, ಕೇಬಲ್ ಬಿಚ್ಚಿಡಬಹುದಾದ 650 ವ್ಯಾಟಿನದನ್ನು ಬೇಡಿದ. ಬೆಲೆ 6,800. ಈ ಕಾರ್ಡಿಗೆ ಕನಿಷ್ಠ 450 ವ್ಯಾಟಿನ ಎಸ್‌ಎಂಪಿಎಸ್ ಇರಲಿ ಎಂದು ರೇಡಿಯನ್ ಕಾರ್ಡುಗಳ ಕಂಪನಿ ಎಎಂಡಿ ಸೂಚಿಸುತ್ತದೆ; ಕಾರ್ಡು ಕ್ಷಣಮಾತ್ರ ತನ್ನ ಸರಾಸರಿಗಿಂತ ಮೇಲೆ ಜಿಗಿಯುವುದು, ಕೊಳ್ಳುವವರು ಹಾಕುವ ಪೆಟ್ಟಿಗೆ ಎಂಥದ್ದೋ ಎಂಬ ಅನುಮಾನ, ಎರಡನ್ನೂ ಇಟ್ಟುಕೊಂಡೇ ಇಂಥ ಸೂಚನೆ ಕೊಡುತ್ತಾರೆ. ಒಳ್ಳೆಯ 450ರ ಮೇಲೆ 300ರ ಹೊರೆ ಎಂದರೆ ಮೂರನೆಯ ಎರಡು ಭಾಗ. ಅಷ್ಟು ಸಾಕು ಎಂಬುದು ನನ್ನ ನಿಲುವು.

ಗೋಲ್ಡ್ ದರ್ಜೆಯ ಪರವಾಗಿ ಅವನು ಮುಂದಿಟ್ಟ ವಾದ ವಿದ್ಯುತ್ ಉಳಿತಾಯದ್ದು. 80 ಪ್ಲಸ್ ಎಂಬುದು 2004ರಿಂದ ನಡೆದುಬಂದಿರುವ ದಕ್ಷತೆಯ ಪ್ರಮಾಣಪತ್ರ: ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಎಂಬುದನ್ನು ಅದು ಹೇಳುತ್ತದೆ. 115 ವೋಲ್ಟಿನ ಪರೀಕ್ಷೆಯಲ್ಲಿ ಮೂಲ ದರ್ಜೆಗೆ ಎಲ್ಲ ಹೊರೆಯಲ್ಲೂ ಶೇಕಡಾ 80 ಬೇಕು, ಬ್ರಾಂಜ್‌ಗೆ ಅರ್ಧ ಹೊರೆಯಲ್ಲಿ 85. ಆಟದ ಹೊತ್ತಿನಲ್ಲಿ ಯಂತ್ರಕ್ಕೆ 200 ವ್ಯಾಟ್ ಬೇಕೆಂದಿಟ್ಟುಕೊಂಡರೆ ಬ್ರಾಂಜ್ ಗೋಡೆಯಿಂದ ಸುಮಾರು 232 ವ್ಯಾಟ್ ಎಳೆಯುತ್ತದೆ, ಗೋಲ್ಡ್ 222. ದಿನಕ್ಕೆ ನಾಲ್ಕು ಗಂಟೆ, ವರ್ಷವಿಡೀ ಓಡಿಸಿದರೂ ಉಳಿಯುವುದು 15 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 90 ರೂಪಾಯಿ. 3,300ಕ್ಕೆ ಸಿಗುತ್ತಿದ್ದ ಬ್ರಾಂಜ್‌ಗಿಂತ ಹೆಚ್ಚುವರಿಯಾಗಿ ಕೊಡಬೇಕಾದ 3,500 ರೂಪಾಯಿ ಹಾಗೆ ವಾಪಸು ಬರುವ ಹೊತ್ತಿಗೆ ಹುಡುಗನಿಗೆ ಅರವತ್ತು ಹತ್ತಿರವಾಗಿರುತ್ತದೆ. ಹಾಗೆ ನೋಡಿದರೆ ಆ ಮನೆ ಗೃಹಜ್ಯೋತಿಯ ಮಿತಿಯೊಳಗೇ ಇದ್ದು ಬಿಲ್ಲು ಸೊನ್ನೆ ಬರುತ್ತಿದ್ದುದರಿಂದ, ಆ 90 ರೂಪಾಯಿಯೂ ಅಕ್ಕನ ಕೈಗೆ ಸಿಗುವಂಥದ್ದಲ್ಲ. ದಕ್ಷತೆಯ ಪದಕ ಗುಣಮಟ್ಟದ ಪದಕವೂ ಅಲ್ಲ: ಆ ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮತ್ತು ಶಾರ್ಟ್ ಆದಾಗ, ಅತಿಯಾಗಿ ಬಿಸಿಯೇರಿದಾಗ ಪೆಟ್ಟಿಗೆ ತನ್ನನ್ನು ತಾನು ಆಫ್ ಮಾಡಿಕೊಳ್ಳುತ್ತದೆಯೇ ಎಂಬುದನ್ನು ಅದು ಕೇಳುವುದೇ ಇಲ್ಲ. ಅದಕ್ಕೆ ತಯಾರಕರ ವಿವರಪಟ್ಟಿಯಲ್ಲಿ ರಕ್ಷಣೆಗಳ ಸಾಲನ್ನೇ ಬೇರೆಯಾಗಿ ಓದಬೇಕು.

ಪರಿಚಿತರೊಬ್ಬರು ಐದು ವರ್ಷ ಬಳಸಿದ 500 ವ್ಯಾಟಿನದೊಂದನ್ನು ಸಾವಿರಕ್ಕೆ ಕೊಡುತ್ತೇನೆಂದಿದ್ದರು. ಕೆಪಾಸಿಟರುಗಳಿಗೆ ಆಯುಸ್ಸು ಇರುತ್ತದೆ, ಐದು ಬೇಸಿಗೆ ಕಳೆದದ್ದನ್ನು ಬೇಡವೆಂದೆ.

ಕೊನೆಗೆ ಮೇಜಿನ ಮೇಲೆ ಉಳಿದದ್ದು ಎರಡು. ಒಂದು, 80 ಪ್ಲಸ್ ಮೂಲ ದರ್ಜೆಯ 500 ವ್ಯಾಟಿನದು, ಬೆಲೆ 2,700. ಇನ್ನೊಂದು, ಬ್ರಾಂಜ್ ದರ್ಜೆಯ 450 ವ್ಯಾಟಿನದು, ಬೆಲೆ 3,300. ಅದರ 12 ವೋಲ್ಟಿನ ಸಾಲು 37 ಆಂಪಿಯರ್, ಅಂದರೆ 444 ವ್ಯಾಟ್, ಹೇಳಿದ ಶಕ್ತಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೇಕಾದ ಕಡೆಯೇ ಸಿಗುತ್ತದೆ. ಎರಡೂ ನಂಬಬಹುದಾದ ತಯಾರಕರವು, ಎರಡಕ್ಕೂ ವರ್ಷಗಳ ವಾರಂಟಿ ಇತ್ತು. ಹೆಸರು ಬರೆಯುತ್ತಿಲ್ಲ, ಏಕೆಂದರೆ ಒಂದೇ ಕಂಪನಿ ಒಳ್ಳೆಯ ಸರಣಿಯನ್ನೂ ಸಾಧಾರಣ ಸರಣಿಯನ್ನೂ ಮಾರುತ್ತದೆ. ಕಂಪನಿಯ ಹೆಸರು ಹಿಡಿದು ಕೊಂಡವರು ಸರಣಿಯಲ್ಲಿ ಮೋಸಹೋಗುವುದುಂಟು. ಹುಡುಗನ ಕೈ 500ರ ಕಡೆಗೆ ಹೋಯಿತು: ಐವತ್ತು ವ್ಯಾಟ್ ಹೆಚ್ಚು, ಆರುನೂರು ರೂಪಾಯಿ ಕಡಿಮೆ. ಬೇರೆ ಯಾವ ಮನೆಯಾಗಿದ್ದರೂ ನಾನೂ ಹೂಂ ಅನ್ನುತ್ತಿದ್ದೆನೋ ಏನೋ.

ಮನೆಯ ವೋಲ್ಟೇಜು

ಅಂಗಡಿಗೆ ಹೊರಡುವ ಮೊದಲು ನಾನು ಮೂರು ದಿನ ಆ ಮನೆಯ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಹಿಡಿಸಿದ್ದೆ. ಬೆಳಿಗ್ಗೆ ಆರಕ್ಕೆ 228, ರಾತ್ರಿ ಒಂಬತ್ತೂವರೆಗೆ 214, ಸಂಜೆ ಆರೂವರೆಗೆ 176. ಸುತ್ತಲೂ ತೆಂಗಿನ ತೋಟಗಳು, ಮನೆ ಲೈನಿನ ತುದಿಯಲ್ಲಿದೆ. ಸಂಜೆ ಎಲ್ಲ ಮನೆಗಳ ದೀಪ, ಮಿಕ್ಸಿ ಒಟ್ಟಿಗೆ ಹತ್ತಿದಾಗ, ಅದರ ಮೇಲೆ ಯಾವುದಾದರೂ ಬೋರಿನ ಮೋಟಾರು ಶುರುವಾದಾಗ ಬಲ್ಬು ಒಮ್ಮೆ ಮಂಕಾಗುವುದನ್ನು ಆ ಮನೆಯವರು ಎಂದೋ ಗಮನಿಸುವುದನ್ನು ಬಿಟ್ಟಿದ್ದರು.

ಬಲ್ಬಿಗೆ ವೋಲ್ಟೇಜು ಇಳಿದರೆ ಅದು ಕಡಿಮೆ ಉರಿದು ಸುಮ್ಮನಾಗುತ್ತದೆ. ಎಸ್‌ಎಂಪಿಎಸ್ ಹಾಗಲ್ಲ. ಕಂಪ್ಯೂಟರು ಕೇಳಿದಷ್ಟು ವ್ಯಾಟನ್ನು ಅದು ಕೊಟ್ಟೇ ತೀರಬೇಕಾದ್ದರಿಂದ, ವೋಲ್ಟೇಜು ಇಳಿದಷ್ಟೂ ಹೆಚ್ಚು ಆಂಪಿಯರ್ ಎಳೆಯುತ್ತದೆ: ಗೋಡೆಯಿಂದ 300 ವ್ಯಾಟ್ ಬೇಕಾದಾಗ 230 ವೋಲ್ಟಿನಲ್ಲಿ 1.3 ಆಂಪಿಯರ್ ಸಾಕಾದರೆ 176ರಲ್ಲಿ 1.7 ಬೇಕು. ಆ ಹೆಚ್ಚುವರಿ ಕರೆಂಟಿನಿಂದ ಒಳಗಿನ ಟ್ರಾನ್ಸಿಸ್ಟರುಗಳು ಇನ್ನಷ್ಟು ಬಿಸಿಯಾಗುತ್ತವೆ. ಎಷ್ಟರವರೆಗೆ ತಡೆದುಕೊಳ್ಳಲು ವಿನ್ಯಾಸ ಮಾಡಿದ್ದಾರೆ ಎಂಬುದು ಲೇಬಲ್ಲಿನ ಮೊದಲ ಸಾಲಿನಲ್ಲೇ, ‘ಎ.ಸಿ. ಇನ್‌ಪುಟ್’ ಎಂಬಲ್ಲಿ, ಬರೆದಿರುತ್ತದೆ, ಮತ್ತು ಯಾರೂ ಓದದ ಸಾಲು ಅದು. 500 ವ್ಯಾಟಿನ ಪೆಟ್ಟಿಗೆಯಲ್ಲಿ ‘200–240 ವೋಲ್ಟ್’ ಎಂದಿತ್ತು. 450ರದರಲ್ಲಿ ‘100–240 ವೋಲ್ಟ್’. ನಮ್ಮ ಮಾರುಕಟ್ಟೆಗೆ ಬರುವ ಅಗ್ಗದ ಮಾದರಿಗಳಲ್ಲಿ ಹಲವು ಮೊದಲನೆಯ ಬಗೆಯವು. ಕಡಿಮೆ ವೋಲ್ಟೇಜಿಗೆ ಬೇಕಾದ ದೊಡ್ಡ ಬಿಡಿಭಾಗಗಳನ್ನು ಬಿಟ್ಟು ಖರ್ಚು ಇಳಿಸಿರುತ್ತಾರೆ. ಪಟ್ಟಣದ ಸ್ಥಿರವಾದ ಲೈನಿಗೆ ಅದರಿಂದ ತೊಂದರೆಯಿಲ್ಲ. 230 ವೋಲ್ಟಿನ ಲೈನಿನಲ್ಲಿ 180ರವರೆಗೆ ಇಳಿದರೂ ಕೆಲಸ ಮಾಡಬೇಕೆಂದು ಇಂಥ ಪೆಟ್ಟಿಗೆಗಳಿಗೆ ಮಾನದಂಡವಾಗಿರುವ ಎಟಿಎಕ್ಸ್ ವಿನ್ಯಾಸ ಸೂಚಿಯೂ ಹೇಳುತ್ತದೆ. ನಮ್ಮ ಸಂಜೆಯ 176 ಅದಕ್ಕೂ ಕೆಳಗೆ. ಹಾಗಾಗಿ ಐವತ್ತು ವ್ಯಾಟ್ ಕಡಿಮೆಯ, ಆರುನೂರು ರೂಪಾಯಿ ಹೆಚ್ಚಿನ ಪೆಟ್ಟಿಗೆಯೇ ಸರಿ ಎಂದು ತೀರ್ಮಾನವಾಯಿತು.

ಹಣ ಹೊಂದಿಸಲು ಬಣ್ಣದ ದೀಪದ ಕ್ಯಾಬಿನೆಟ್ ಹೋಗಿ, ಮುಂದೆ ಜಾಲರಿಯಿರುವ 2,400 ರೂಪಾಯಿಯ ಸಾದಾ ಕ್ಯಾಬಿನೆಟ್ ಬಂತು. ಒಟ್ಟು 47,800. ಹುಡುಗ ಬಸ್ಸಿನಲ್ಲಿ ತುಮಕೂರು ದಾಟುವವರೆಗೂ ಮಾತಾಡಲಿಲ್ಲ.

ಜೋಡಿಸಿದ ಮೇಲೆ

ಯಂತ್ರ ಮೊದಲ ಸಲಕ್ಕೇ ಎದ್ದಿತು. ಸಂಜೆ ಹುಡುಗ ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂಬದಿ ಮುಟ್ಟಿ ಕೈ ಕಿತ್ತುಕೊಂಡ: “ಜುಂ ಅಂತದೆ ಮಾವ.” ಟೆಸ್ಟರ್ ಇಟ್ಟು ನೋಡಿದರೆ ಅದರ ದೀಪ ಸಣ್ಣಗೆ ಹೊತ್ತಿಕೊಂಡಿತು, ಮಲ್ಟಿಮೀಟರಿನಲ್ಲಿ ಕ್ಯಾಬಿನೆಟ್ಟಿಗೂ ಹೊರಗಿನ ನಲ್ಲಿಯ ಕಬ್ಬಿಣದ ಪೈಪಿಗೂ ನಡುವೆ ನೂರು ವೋಲ್ಟಿಗೆ ಹತ್ತಿರ. ಹೊಸ ಎಸ್‌ಎಂಪಿಎಸ್ಸೇ ಲೀಕ್ ಆಗುತ್ತಿದೆ, ವಾಪಸು ಮಾಡಿ ಎಂದು ಭಾವ ಹೇಳಿದರು. ನೋಡಿದವರಿಗೆ ಹಾಗನಿಸುವುದು ಸಹಜ, ಆದರೆ ದೋಷ ಪೆಟ್ಟಿಗೆಯಲ್ಲಿರಲಿಲ್ಲ. ಸರಿಯಾಗಿ ಮಾಡಿದ ಎಸ್‌ಎಂಪಿಎಸ್‌ನ ಬಾಯಲ್ಲಿ ವಿದ್ಯುತ್ ಗದ್ದಲವನ್ನು ಸೋಸುವ ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸಿನಿಂದ ಲೋಹದ ಮೈಗೆ ಒಂದು, ನ್ಯೂಟ್ರಲ್‌ನಿಂದ ಮೈಗೆ ಒಂದು ಪುಟ್ಟ ಕೆಪಾಸಿಟರ್ ಕೂರಿಸಿರುತ್ತಾರೆ. ಅವು ಸೋಸಿದ್ದನ್ನು ಅರ್ತಿಗೆ ಬಿಡಬೇಕು. ಅರ್ತೇ ಇಲ್ಲದಿದ್ದರೆ ಮೈಯ ವೋಲ್ಟೇಜು ಎರಡರ ನಡುವೆ, ಅಂದರೆ ಲೈನಿನ ಸುಮಾರು ಅರ್ಧಕ್ಕೆ, ಹೋಗಿ ನಿಲ್ಲುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದು, ಕೈಗೆ ಜುಂ ಎನ್ನುವಷ್ಟೇ.

ಪ್ಲಗ್ ಬೋರ್ಡು ಬಿಚ್ಚಿದಾಗ ಮೂರನೆಯ ದಪ್ಪ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ. ಸ್ಕ್ರೂ ಹೊಸದರಂತೆ ಹೊಳೆಯುತ್ತಿತ್ತು. ಮೀಟರಿನ ಪಕ್ಕ ಅರ್ತಿನ ಗುಂಡಿಯಿತ್ತು, ಅಲ್ಲಿಂದ ಅಡುಗೆಮನೆಯ ಬೋರ್ಡಿನವರೆಗೆ ಹಸಿರು ತಂತಿ ಬಂದಿತ್ತು, ಉಳಿದ ಕೋಣೆಗಳಿಗೆ ವೈರಿಂಗ್ ಮಾಡುವಾಗ ಯಾರೋ ಅದನ್ನು ಮುಂದುವರಿಸಿರಲಿಲ್ಲ. ಮರುದಿನ ಊರಿನ ಎಲೆಕ್ಟ್ರಿಷಿಯನ್ ಬಂದು ತಂತಿ ಎಳೆದರು, ಒಣಗಿಹೋಗಿದ್ದ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನಾಲ್ಕು ಕೊಡ ನೀರು ಸುರಿದರು. ಅದೇ ಎರಡು ಜಾಗಗಳ ನಡುವೆ ಅಳೆದರೆ ಈಗ ಎರಡು ವೋಲ್ಟು. ಈ ಕೆಲಸ ಎಸ್‌ಎಂಪಿಎಸ್ ಕೊಳ್ಳುವುದಕ್ಕೂ ಮೊದಲು ಆಗಬೇಕಿತ್ತು. ಮೂರು ದಿನ ವೋಲ್ಟೇಜು ಬರೆದುಕೊಂಡವನಿಗೆ ಅರ್ತ್ ಪಿನ್ನಿಗೆ ಒಮ್ಮೆ ಮೀಟರ್ ಮುಟ್ಟಿಸುವುದು ಹೊಳೆಯಲಿಲ್ಲ ಎಂಬುದನ್ನು ನನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ.

ಹೊರೆಯ ಅಳತೆಗಳು ತೃಪ್ತಿ ಕೊಟ್ಟವು. ಪ್ಲಗ್ಗಿಗೆ ಸಿಕ್ಕಿಸುವ ಮೀಟರಿನಲ್ಲಿ ಸುಮ್ಮನಿದ್ದಾಗ 54 ವ್ಯಾಟ್, ಆಟ ಓಡುವಾಗ 230ರ ಆಸುಪಾಸು, ಪ್ರೊಸೆಸರನ್ನೂ ಕಾರ್ಡನ್ನೂ ಒಟ್ಟಿಗೆ ಬೇಕೆಂದೇ ಬೆವರಿಳಿಸಿದಾಗ 291. ಇದು ಗೋಡೆಯ ಲೆಕ್ಕ. ಪೆಟ್ಟಿಗೆ ಕೊಟ್ಟದ್ದು 250ರಷ್ಟು. ನನ್ನ ಕಾಗದದ 300 ಕೊಂಚ ಉದಾರವಾಗಿತ್ತು. ಹಳದಿ ತಂತಿಯ 12 ವೋಲ್ಟು ಸುಮ್ಮನಿದ್ದಾಗ 12.08, ಪೂರ್ತಿ ಹೊರೆಯಲ್ಲಿ 11.97, ಶೇಕಡಾ ಐದರ ಮಿತಿಯಂತೆ 11.40ರಿಂದ 12.60ರವರೆಗೆ ಇರಬಹುದು. ಸಂಜೆಯ 176ರಲ್ಲೂ ಇದೇ ಪರೀಕ್ಷೆ ಅರ್ಧ ಗಂಟೆ ಓಡಿತು, ಯಂತ್ರ ಒಮ್ಮೆಯೂ ತಡವರಿಸಲಿಲ್ಲ.

ತಡವರಿಸಿದ್ದು ಕರೆಂಟು ಹೋದಾಗ. ಮನೆಯಲ್ಲಿ ಸೈನ್‌ವೇವ್ ಇನ್ವರ್ಟರ್ ಇದೆ, ಅದರ ಮೇಲೆ ಕಂಪ್ಯೂಟರ್ ನಿಲ್ಲುತ್ತದೆ ಎಂದು ನಾವು ನಂಬಿದ್ದೆವು. ನಿಲ್ಲಲಿಲ್ಲ, ಪ್ರತಿ ಸಲವೂ ಮರುಚಾಲನೆಯಾಯಿತು. ಗೋಡೆಯ ವಿದ್ಯುತ್ತು ನಿಂತ ಮೇಲೆ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರಿನಲ್ಲಿ ಉಳಿದದ್ದರಿಂದ ಹೊರೆಯನ್ನು ಹಿಡಿದಿಡಬಲ್ಲದ್ದು ಹದಿನೈದು ಇಪ್ಪತ್ತು ಮಿಲಿಸೆಕೆಂಡು, ಹೆಚ್ಚೆಂದರೆ ಲೈನಿನ ಒಂದು ಆವರ್ತದಷ್ಟು. ಇನ್ವರ್ಟರಿನ ಹಿಂದಿನ ಪುಟ್ಟ ಸ್ವಿಚ್ಚು ‘ನಾರ್ಮಲ್’ನಲ್ಲಿತ್ತು, ಆ ಸ್ಥಿತಿಯಲ್ಲಿ ಅದು ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ದೀಪ ಫ್ಯಾನುಗಳಿಗೆ ಅದು ಗೊತ್ತೇ ಆಗುವುದಿಲ್ಲ. ಸ್ವಿಚ್ಚನ್ನು ‘ಯುಪಿಎಸ್’ಗೆ ಸರಿಸಿದಾಗ ಬದಲಾವಣೆ ಚುರುಕಾಗಿ ಕಂಪ್ಯೂಟರ್ ಅಲುಗಾಡದೆ ನಿಂತಿತು. ಅದೇ ಸಂಜೆ ಇನ್ನೊಂದು ರಗಳೆ ಶುರುವಾಯಿತು. ಯುಪಿಎಸ್ ಸ್ಥಿತಿಯಲ್ಲಿ ಇನ್ವರ್ಟರು ಲೈನು ಸುಮಾರು 180 ವೋಲ್ಟಿಗಿಂತ ಇಳಿದರೆ ಅದನ್ನು ಒಪ್ಪದೆ ಬ್ಯಾಟರಿಗೆ ಹೋಗುತ್ತದೆ, ಹೊರೆ ಕಳಚಿದ ಲೈನು ಕೊಂಚ ಏರಿದ ಕೂಡಲೇ ವಾಪಸು ಬರುತ್ತದೆ. ಆರೂವರೆಯಿಂದ ಎಂಟರವರೆಗೆ ಹಜಾರದ ಮೂಲೆಯಲ್ಲಿ ರಿಲೇ ಟಕ್ ಟಕ್ ಎನ್ನುತ್ತಲೇ ಇತ್ತು.

ವೋಲ್ಟೇಜನ್ನು ಏರಿಸಿ ಕೊಡುವ ಬೇರೆ ಯುಪಿಎಸ್ ಒಂದನ್ನು ಕಂಪ್ಯೂಟರಿಗೇ ಇಡಬಹುದಿತ್ತು. ಉಳಿದಿದ್ದದ್ದು ಇನ್ನೂರು ರೂಪಾಯಿ, ಭಾವನ ಮಾತು ನೆನಪಿತ್ತು. ಸಂಜೆ ಆ ಹೊತ್ತಿನಲ್ಲಿ ಹುಡುಗ ಹೇಗೂ ತೋಟದಲ್ಲೋ ಪುಸ್ತಕದ ಮುಂದೋ ಇರುತ್ತಾನೆ. ಈಗ ಇನ್ವರ್ಟರಿನ ಸ್ವಿಚ್ಚು ದೀಪ ಹಚ್ಚುವ ಹೊತ್ತಿಗೆ ‘ನಾರ್ಮಲ್’ಗೆ ಹೋಗುತ್ತದೆ, ರಾತ್ರಿ ಊಟವಾದ ಮೇಲೆ ‘ಯುಪಿಎಸ್’ಗೆ ಬರುತ್ತದೆ. ಸರಿಸುವವಳು ಅಕ್ಕ. ಅವಳು ಸರಿಸಿದ ಮೇಲೆಯೇ ಆಟ.